ತೋರಣಗುಟ್ಟದ ಕಲ್ಲು, ರಹಮತ್ತುಲ್ಲಾ ಮೇಸ್ತ್ರಿಯ ಕಿವಿ

ಅಧ್ಯಕ್ಷಪೀಠದಲ್ಲಿ ಆಸೀನರಾಗಿರುವ ತೋರಣಗುಟ್ಟ ಸಮಿತಿಯ ಹಿರಿಯರಾದ ಶ್ರೀ ಚನ್ನರಾಯಪ್ಪನವರೇ, ಕಚೇರಿಯ ಕೆಲಸವನ್ನು ಬದಿಗಿಟ್ಟು ದಯಮಾಡಿಸಿರುವ ಅಮಲ್ದಾರ್ ಸಾಹೇಬರೇ, ಈ ಸಮಾರಂಭಕ್ಕಾಗಿ ಒಂದು ವಾರದಿಂದ ಓಡಾಡಿ ಗಂಟಲು ಕಟ್ಟಿಸಿಕೊಂಡಿರುವ ಕಾರ್ಯದರ್ಶಿ ಶ್ರೀರಾಮಪ್ಪನವರೇ, ಮುಂದೆ ಚಾಪೆಯ ಮೇಲೆ ಕುಳಿತಿರುವ ತಾಯಂದಿರೇ, ತಾಯಲೂರು ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದಿರುವ ರೈತ ಬಾಂಧವರೇ, ಹಾಗೂ ಬಾಗಿಲ ಬಳಿ ನಿಂತೇ ಇರುವ ಸಭಿಕರೇ,

ಮಾವು ಕೀಳುವ ಈ ಕಾಲದಲ್ಲಿ ಶ್ರೀನಿವಾಸಪುರದವರು ತೋಪು ಬಿಟ್ಟು ಮುಳಬಾಗಿಲಿಗೆ ಬಂದಿದ್ದಾರೆ ಎಂದರೆ, ಅದು ನನ್ನ ಮುಖ ನೋಡುವುದಕ್ಕಲ್ಲ ಎಂದು ನನಗೆ ಗೊತ್ತಿದೆ. ಈ ಮುಖವನ್ನು ಮೂವತ್ತೊಂದು ವರ್ಷ ರಸ್ತೆಯುದ್ದಕ್ಕೂ ಎಲ್ಲರೂ ನೋಡಿ ಬೇಸತ್ತಿದ್ದಾರೆ. ನೀವೆಲ್ಲ ಬಂದಿರುವುದು ಆ ಕಲ್ಲಿಗಾಗಿ. ತೋರಣಗುಟ್ಟದ ಮೇಲೆ, ಯಾರೂ ಕಟ್ಟದೆ, ಯಾರೂ ಕೆತ್ತದೆ, ಬಾಗಿಲಿನ ಹಾಗೆ ನಿಂತಿರುವ ಆ ಶಿಲಾತೋರಣಕ್ಕಾಗಿ.

ನಾನು ಓವರ್ಸಿಯರು. ಉದ್ದ, ಅಗಲ, ಆಳ, ಈ ಮೂರನ್ನು ಬಿಟ್ಟು ನಾಲ್ಕನೆಯ ಮಾತನ್ನು ಸರ್ಕಾರಕ್ಕೂ ಬರೆದವನಲ್ಲ, ಮನೆಯಲ್ಲೂ ಆಡಿದವನಲ್ಲ. ಹಾಗೆಂದು ನನ್ನ ಹೆಂಡತಿ ಭಾರತಮ್ಮನ ದೂರು. ಆಕೆ ಮುಂದಿನ ಸಾಲಿನಲ್ಲೇ ಕುಳಿತಿದ್ದಾಳೆ, ಬೇಕಾದರೆ ಕೇಳಿಕೊಳ್ಳಿ. ಮಾತು ಬಾರದವನೆಂದೇ ಎರಡು ಹಾಳೆ ಬರೆದುಕೊಂಡು ಬಂದಿದ್ದೆ. ಅವು ಜೇಬಿನಲ್ಲೇ ಇವೆ. ಒಂದು ಗಂಟೆಯ ಹಿಂದೆ ಆ ಬಾಗಿಲ ಬಳಿ ಒಂದು ನಗು ಕೇಳಿಸಿತು. ಅದನ್ನು ಕೇಳಿದ ಮೇಲೆ ಆ ಹಾಳೆಗಳನ್ನು ಓದುವ ಧೈರ್ಯ ನನಗಿಲ್ಲ. ಆ ನಗುವಿನ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ.

ಅಧ್ಯಕ್ಷರು ಈಗತಾನೆ ನನ್ನನ್ನು ಏನೆಂದು ಕರೆದರು? ‘ಶಿಲಾತೋರಣವನ್ನು ಉಳಿಸಿದ ಮಹನೀಯರು’ ಎಂದರು. ನನ್ನ ಎಡಕ್ಕೆ ಹಳದಿ ಬಟ್ಟೆ ಹೊದ್ದು, ಹೂವಿನ ಹಾರ ಹಾಕಿಕೊಂಡು ನಿಂತಿರುವ ಚಪ್ಪಡಿಯ ಮೇಲೂ ಅದನ್ನೇ ಕೆತ್ತಿಸಿದ್ದಾರಂತೆ. ನಾಳೆ ಅದನ್ನು ಗುಟ್ಟದ ಮೇಲೆ ನೆಡುತ್ತಾರಂತೆ. ನೆಡುವ ಮೊದಲು ನನ್ನ ಮಾತನ್ನು ಕೇಳಿ.

ಸಭಿಕರೇ, ಆ ತೋರಣವನ್ನು ನೀವು ಎಷ್ಟು ಬಾರಿ ನೋಡಿದ್ದೀರಿ? ತಿರುಪತಿಗೆ ನಡೆದು ಹೋಗುವ ನಮ್ಮ ಕಡೆಯವರೆಲ್ಲ ಅದರ ಕೆಳಗೆ ತಲೆ ಬಗ್ಗಿಸಿಯೇ ಹೋಗುತ್ತಾರೆ. ಹನ್ನೊಂದು ಅಡಿ ಎತ್ತರವಿದೆ, ತಲೆ ಬಗ್ಗಿಸುವ ಅಗತ್ಯವೇ ಇಲ್ಲ. ಆದರೂ ಬಗ್ಗಿಸುತ್ತಾರೆ. ಆನೆ ಹೋಗಬಹುದಾದ ಬಾಗಿಲಲ್ಲಿ ಮನುಷ್ಯ ಬಗ್ಗುತ್ತಾನೆ! ಶ್ರೀನಿವಾಸ ಸ್ವಾಮಿ ಏಳು ಬೆಟ್ಟಕ್ಕೆ ಹೋಗುವ ಮುಂಚೆ ಮನೆ ಕಟ್ಟಿಕೊಳ್ಳೋಣವೆಂದು ನಮ್ಮ ಗುಟ್ಟದ ಮೇಲೆ ಬಾಗಿಲನ್ನು ಮಾತ್ರ ನಿಲ್ಲಿಸಿದನಂತೆ. ಅಷ್ಟರಲ್ಲಿ ಮೂಡಲ ಕಡೆಯಿಂದ ಕರೆ ಬಂದು, ಬಾಗಿಲನ್ನು ನಮಗೆ ಬಿಟ್ಟು ಹೊರಟನಂತೆ. ತಿರುಮಲೆಯಲ್ಲೂ ಒಂದು ಶಿಲಾತೋರಣವಿದೆ ಎಂದು ನೋಡಿ ಬಂದವರು ಹೇಳುತ್ತಾರೆ. ಹಾಗಾದರೆ ಸ್ವಾಮಿ ಅಲ್ಲಿಯೂ ಮೊದಲು ಬಾಗಿಲನ್ನೇ ನಿಲ್ಲಿಸಿದ ಎಂದಾಯಿತು. ಮನೆಗೆ ಮುಂಚೆ ಬಾಗಿಲು ನಿಲ್ಲಿಸುವ ಎಸ್ಟಿಮೇಟನ್ನು ನಮ್ಮ ಇಲಾಖೆ ಒಪ್ಪುವುದಿಲ್ಲ. ಆದರೆ ಅಲ್ಲಿ ನಿಂತಾಗ ನನಗೂ ಆ ಕಥೆ ನಿಜವೆಂದೇ ಅನ್ನಿಸುತ್ತದೆ.

ಎರಡು ವರ್ಷದ ಹಿಂದೆ ಭೂಗರ್ಭಶಾಸ್ತ್ರ ಬಲ್ಲ ಒಬ್ಬ ಪ್ರೊಫೆಸರರು ಬೆಂಗಳೂರಿನಿಂದ ಬಂದಿದ್ದರು. ಅವರನ್ನು ಮೇಲಕ್ಕೆ ಕರೆದೊಯ್ದವನು ನಾನೇ. ಭೂತಗನ್ನಡಿ ಹಿಡಿದು ಕಲ್ಲಿನ ಮೈಯನ್ನು ಅಂಗುಲ ಅಂಗುಲವಾಗಿ ನೋಡಿದರು. ಆಮೇಲೆ ನೆರಳಲ್ಲಿ ಕುಳಿತು ಹೇಳಿದರು: ಈ ಕಲ್ಲು ಭೂಮಿಯ ಒಡಲಲ್ಲಿ ಕುದಿದು ಗಟ್ಟಿಯಾದಾಗ ಪ್ರಪಂಚದಲ್ಲಿ ಹುಲ್ಲಿರಲಿಲ್ಲ, ಮೀನಿರಲಿಲ್ಲ, ಕೂಗುವ ಒಂದು ಕಪ್ಪೆಯೂ ಇರಲಿಲ್ಲ. ಎಷ್ಟು ವರ್ಷವಾಯಿತು ಸ್ವಾಮಿ ಎಂದರೆ, ‘ನೂರು ಕೋಟಿಗೆ ಮೇಲೆ, ಎಷ್ಟು ಮೇಲೆ ಎಂದು ಕೇಳಬೇಡಿ’ ಎಂದರು. ಅದರ ಮೇಲಿದ್ದ ಮಣ್ಣೆಲ್ಲ ಮಳೆಗೆ ಕೊಚ್ಚಿಹೋಯಿತು. ಕಲ್ಲು ಬಿಸಿಲಿಗೆ ಹಿಗ್ಗಿತು, ಇಬ್ಬನಿಗೆ ಕುಗ್ಗಿತು, ಈರುಳ್ಳಿಯ ಹಾಗೆ ಪದರ ಪದರವಾಗಿ ಸಿಪ್ಪೆ ಬಿಟ್ಟಿತು. ಕೆಳಗಿನ ಪದರಗಳು ಉದುರಿಹೋದವು, ಮೇಲಿನದೊಂದು ಬಾಗಿ ನಿಂತುಕೊಂಡಿತು. ಇಷ್ಟನ್ನು ಹೇಳಿ ಪ್ರೊಫೆಸರರು ಎದ್ದರು. ಇಳಿಯುವಾಗ ನೋಡುತ್ತೇನೆ, ಅವರ ಬೂಟು ಕೈಯಲ್ಲಿದೆ. ಯಾವಾಗ ಬಿಚ್ಚಿದರೋ ನನಗೆ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿರಲಿಲ್ಲವೆಂದು ತೋರುತ್ತದೆ.

ನೂರು ಕೋಟಿ ವರ್ಷ! ನನ್ನ ಸರ್ವೀಸು ಮೂವತ್ತೊಂದು. ಈ ಲೆಕ್ಕವನ್ನು ಹಾಕಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಯಾಕೆಂದರೆ, ಆ ನೂರು ಕೋಟಿ ವರ್ಷವನ್ನು ಮುಗಿಸಿಬಿಡುವುದಕ್ಕೆ ಒಂದು ಹಾಳೆ, ಒಂದು ಸಹಿ ಸಾಕಾಗಿತ್ತು. ಆ ಹಾಳೆ ನನ್ನದು. ಆ ಸಹಿಯೂ ನನ್ನದು.

ಅಧ್ಯಕ್ಷರು ತಿರುಗಿ ನೋಡುತ್ತಿದ್ದಾರೆ. ಸ್ವಲ್ಪ ತಾಳ್ಮೆ ಇರಲಿ ಸ್ವಾಮಿ. ಅದಕ್ಕೆ ಮುಂಚೆ ನಾನು ಹುಟ್ಟಿದ್ದನ್ನು ಹೇಳಬೇಕು.

ನನ್ನ ತಾಯಿ ದೊಡ್ಡಗಂಗಮ್ಮನಿಗೆ ನನಗಿಂತ ಮುಂಚೆ ಮೂರು ಮಕ್ಕಳು. ಮೂರೂ ತೊಟ್ಟಿಲಲ್ಲೇ ಹೋದವು. ನಾನು ಹುಟ್ಟಿದಾಗ ನಮ್ಮಜ್ಜಿ ಹೆಸರಿಡಬೇಡಿ ಎಂದಳು. ಗುಟ್ಟಕ್ಕೆ ತೆಗೆದುಕೊಂಡು ನಡೆಯಿರಿ ಎಂದಳು. ಇಲ್ಲಿರುವ ವಯಸ್ಸಾದ ತಾಯಂದಿರಿಗೆ ಆ ಪದ್ಧತಿ ಗೊತ್ತಿದೆ. ಮಕ್ಕಳು ದಕ್ಕದ ಮನೆಯವರು ಕೂಸನ್ನು ಮೊರದಲ್ಲಿ ಮಲಗಿಸಿ ತೋರಣದ ಪಡುವಲ ಕಡೆ ನಿಲ್ಲಬೇಕು. ಮೂಡಲ ಕಡೆ ನಿಂತವರು ಅದನ್ನು ಒಂದು ಸೇರು ತೌಡು ಕೊಟ್ಟು ಕೊಂಡುಕೊಳ್ಳಬೇಕು. ಕೊಳ್ಳುವವರು ನಮ್ಮ ಮನೆಯವರಾಗಬಾರದು, ನಮ್ಮ ಜಾತಿಯವರೂ ಆಗಬಾರದು. ಯಮಧರ್ಮರಾಯ ಹಳೆಯ ವಿಳಾಸ ಹಿಡಿದು ಬಂದರೆ ಅವನಿಗೆ ಮಗು ಸಿಗಬಾರದು, ಅಷ್ಟೇ ಇದರ ಉಪಾಯ. ಆ ಕಡೆಯವರು ತೆಲುಗಿನಲ್ಲಿ ಕೇಳಬೇಕು: ‘ಎವರಿ ಬಿಡ್ಡ?’ ಯಾರ ಮಗು? ಈ ಕಡೆಯವರು ತಾಯಿಯ ಹೆಸರನ್ನೂ ಹೇಳಬಾರದು, ತಂದೆಯ ಹೆಸರನ್ನೂ ಹೇಳಬಾರದು. ‘ರಾತಿ ಬಿಡ್ಡ’ ಎನ್ನಬೇಕು. ಕಲ್ಲಿನ ಮಗು.

ನನ್ನನ್ನು ಕೊಂಡವಳು ಕಲ್ಲುಕುಟಿಗರ ಕೇರಿಯ ಜೈನಾಬಮ್ಮ. ನಮ್ಮಮ್ಮ ಸಾಯುವವರೆಗೂ ಅದನ್ನು ಹೇಳುತ್ತಿದ್ದಳು: “ನಾನು ಅಳ್ತಾ ಮೊರ ಚಾಚ್ದೆ ಕಣೋ. ಆಯಮ್ಮ ಬಿಸ್ಮಿಲ್ಲಾ ಅಂತ ಮಡಿಲಿಗೆ ಹಾಕ್ಕೊಂಡ್ಳು. ಹಾಕ್ಕೊಂಡು, ಇನ್ ಅಳಬೇಡ ಗಂಗಮ್ಮ, ಇದು ನಿಂದಲ್ಲ ಅಂದ್ಳು. ಅವತ್ತಿಂದ ನಂಗೆ ನಿದ್ದೆ ಬಂತು.” ಕೊಂಡ ಮಗುವನ್ನು ಸಾಕಲು ಹೆತ್ತವಳ ಕೈಗೇ ಕೊಡುತ್ತಾರೆ. ಆದರೆ ವರ್ಷದ ಮೊದಲ ಬಟ್ಟೆಯನ್ನು ಕೊಂಡವರೇ ಕೊಡಬೇಕು. ಪ್ರತಿ ಯುಗಾದಿಗೂ ನನ್ನ ಅಂಗಿ ಜೈನಾಬಮ್ಮನ ಮನೆಯಿಂದ ಬರುತ್ತಿತ್ತು. ನನ್ನ ಮದುವೆಯ ಪಂಚೆಯೂ ಅಲ್ಲಿಂದಲೇ ಬಂತು. ತೌಡಿಗೆ ಕೊಂಡವನಾದ್ದರಿಂದ ಕರೆಯುವ ಹೆಸರು ತೌಡಪ್ಪ. ಕೋದಂಡರಾಮಪ್ಪ ಎಂಬುದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಇಟ್ಟದ್ದು. ಜೈನಾಬಮ್ಮನ ಮಗ ರಹಮತ್ತುಲ್ಲಾ ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಅವನನ್ನು ಭಾಯಿ ಎಂದು ಕರೆಯುತ್ತಿದ್ದೆ.

ಕರೆಯುತ್ತಿದ್ದೆ ಎಂದೆ, ಗಮನಿಸಿದಿರಾ? ಕೋಲಾರದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಊರಿನವರೊಬ್ಬರು ಕಚೇರಿಯ ಮುಂದೆ ನಿಂತು ‘ಲೇ ತೌಡಾ’ ಎಂದು ಕೂಗಿದರು. ಗುಮಾಸ್ತರೆಲ್ಲ ನಕ್ಕರು. ತೌಡು ಎಮ್ಮೆಗೋ ಕುದುರೆಗೋ ಎಂದು ಒಬ್ಬ ಕೇಳಿದ. ಅಂದಿನಿಂದ ಆ ಹೆಸರಿನಿಂದ ಯಾರೂ ಕರೆಯಕೂಡದೆಂದು ಕಟ್ಟಪ್ಪಣೆ ಮಾಡಿದೆ. ರಹಮತ್ತುಲ್ಲಾ ನಮ್ಮ ಇಲಾಖೆಯ ಕೆಲಸಗಳಿಗೇ ಕಲ್ಲೊಡೆಯುವ ಮೇಸ್ತ್ರಿಯಾಗಿ ಬಂದಾಗ ನಾನು ಅವನನ್ನು ಮೇಸ್ತ್ರಿ ಎಂದು ಕರೆದೆ. ಅವನು ಎಲ್ಲರೆದುರು ನನ್ನನ್ನು ಓವರ್ಸಿಯರ್ ಸ್ವಾಮಿ ಎಂದು ಕರೆದ. ಅದಕ್ಕೆ ಅವನು ಒಂದು ದಿನವೂ ಮುಖ ಸಿಂಡರಿಸಲಿಲ್ಲ.

ಅವನ ಕಿವಿಯ ಬಗ್ಗೆ ನಿಮಗೆ ಹೇಳಬೇಕು. ಬಂಡೆಗೆ ಮದ್ದು ಇಡುವ ಮುಂಚೆ ಮೇಸ್ತ್ರಿಯಾದವನು ಚಿಕ್ಕ ಸುತ್ತಿಗೆಯಿಂದ ಬಡಿದು, ಕಲ್ಲಿಗೆ ಕಿವಿಯಿಟ್ಟು ಕೇಳುತ್ತಾನೆ. ಒಳಗೆ ಬಿರುಕಿದ್ದರೆ ಸದ್ದು ಸಾಯುತ್ತದೆ. ಬಿರುಕಿದ್ದ ಕಡೆ ಮದ್ದು ಇಟ್ಟರೆ ಕಲ್ಲು ಎತ್ತ ಹಾರುತ್ತದೋ ಹೇಳಲಾಗದು, ಆಳುಗಳು ಸಾಯುತ್ತಾರೆ. ರಹಮತ್ತುಲ್ಲಾ ಮೇಸ್ತ್ರಿ ಕಿವಿಯಿಟ್ಟ ಬಂಡೆಯಲ್ಲಿ ನಲವತ್ತು ವರ್ಷ ಒಬ್ಬ ಆಳಿಗೂ ಪೆಟ್ಟಾಗಲಿಲ್ಲ. ಅವನು ‘ಹೂಂ’ ಎಂದರೆ ಮಾತ್ರ ಆಳುಗಳು ಬತ್ತಿಗೆ ಬೆಂಕಿ ಹಚ್ಚುತ್ತಿದ್ದರು. ಎಂಜಿನಿಯರ ಮಾತನ್ನು ಅವರು ಕೇಳುತ್ತಿರಲಿಲ್ಲ, ನನ್ನ ಮಾತನ್ನಂತೂ ಕೇಳಲೇ ಇಲ್ಲ.

ಸರಿ. ಈಗ ಸಾವಿರದ ಒಂಬೈನೂರ ನಲವತ್ತೆರಡು. ಯುದ್ಧದ ಲಾರಿಗಳು ಮದರಾಸಿನ ರಸ್ತೆಯಲ್ಲಿ ಹಗಲೆಲ್ಲ ಓಡುತ್ತಿದ್ದವು. ಹಳೆಯ ಸೇತುವೆಗಳು ತಡೆಯುವುದಿಲ್ಲ, ಹತ್ತಡಿಯ ಚಪ್ಪಡಿ ಹಾಸಿ ಹೊಸದಾಗಿ ಕಟ್ಟಬೇಕು ಎಂದು ಅಪ್ಪಣೆಯಾಯಿತು. ಹೊರಗಿನಿಂದ ಬಂದಿದ್ದ ಎಂಜಿನಿಯರು ನಕ್ಷೆ ಹರಡಿ ಕೇಳಿದರು: ‘ರಸ್ತೆಯಿಂದ ಎರಡು ಮೈಲಿಯೊಳಗೆ ಬಿರುಕಿಲ್ಲದ ಕಲ್ಲು ಎಲ್ಲಿದೆ?’

ಸಭಿಕರೇ, ಅವರು ತೋರಣವನ್ನು ಕೇಳಲಿಲ್ಲ. ಅವರಿಗೆ ಅದು ಇರುವುದೇ ಗೊತ್ತಿರಲಿಲ್ಲ. ಹೇಳಿದವನು ನಾನು. ಗುಮಾಸ್ತರಿಗಿಂತ ಮೊದಲು, ಬೇರೆ ಓವರ್ಸಿಯರಿಗಿಂತ ಮೊದಲು ಕೈಯೆತ್ತಿ ಹೇಳಿದೆ: ತೋರಣಗುಟ್ಟ, ಒಂದೂವರೆ ಮೈಲಿ, ಏಕಶಿಲೆ. ಯಾಕೆ ಹೇಳಿದೆ? ಭೇಷ್ ಎನ್ನಿಸಿಕೊಳ್ಳುವುದಕ್ಕೆ. ಹಳ್ಳಿಯ ಮೂಢನಂಬಿಕೆಗಳು ನನಗೆ ಅಂಟಿಲ್ಲ ಎಂದು ತೋರಿಸಿಕೊಳ್ಳುವುದಕ್ಕೆ. ಆ ಮಧ್ಯಾಹ್ನವೇ ತೋರಣದ ಉದ್ದ, ಅಗಲ, ದಪ್ಪ ಅಳೆದು ಎಸ್ಟಿಮೇಟು ಬರೆದು ಸಹಿ ಹಾಕಿದೆ. ಇಷ್ಟು ಘನ ಅಡಿ, ಇಷ್ಟು ಚಪ್ಪಡಿ. ನನ್ನನ್ನು ಯಾವ ಬಾಗಿಲಿನಿಂದ ದಾಟಿಸಿ ಬದುಕಿಸಿದರೋ ಆ ಬಾಗಿಲನ್ನು ನಾನು ಘನ ಅಡಿಯಲ್ಲಿ ಬರೆದೆ. ಮನೆಗೆ ಬಂದು ಊಟಕ್ಕೆ ಕುಳಿತವನು ಅರ್ಧಕ್ಕೇ ಎದ್ದೆ. ಭಾರತಮ್ಮ ಕೇಳಿದಳು, ಹೇಳಲಿಲ್ಲ. ಭಾರತೀ, ಇವತ್ತು ಹೇಳುತ್ತಿದ್ದೇನೆ, ಕೇಳಿಸಿಕೋ.

ಮದ್ದು ಇಡುವ ಮುಂಚೆ ಮೇಸ್ತ್ರಿ ಪರೀಕ್ಷೆ ಮಾಡಬೇಕಲ್ಲ? ಮಾರನೆಯ ಬೆಳಿಗ್ಗೆ ನಾವಿಬ್ಬರೇ ಗುಟ್ಟ ಹತ್ತಿದೆವು. ಮೇಸ್ತ್ರಿ ಚಪ್ಪಲಿಯನ್ನು ಕೆಳಗೇ ಬಿಟ್ಟ. ತೋರಣದ ಎಡಗಾಲಿನ ಬುಡದಲ್ಲಿ ಬಡಿದ, ಬಲಗಾಲಿನ ಬುಡದಲ್ಲಿ ಬಡಿದ. ಆಮೇಲೆ ಪಕ್ಕದ ಬಂಡೆ ಹಿಡಿದು ಮೇಲೆ ಹತ್ತಿ, ಕಮಾನಿನ ನೆತ್ತಿಯ ಮೇಲೆ ಬಡಿದು, ಕೆನ್ನೆಯೊತ್ತಿ ಮಲಗಿಬಿಟ್ಟ. ಬಹಳ ಹೊತ್ತು ಏಳಲೇ ಇಲ್ಲ.

“ಏನಂತ ಬರ್ಕೊಳ್ಲಿ ಮೇಸ್ತ್ರಿ?” ಎಂದೆ.

“ಬರೆಯೋದು ಇರ್ಲಿ. ಮೊದ್ಲು ಅಲ್ಲಿ ಕಿವಿ ಇಡು ಬಾ.”

ನಾನು ತೋರಣದ ಕಾಲಿಗೆ ಕಿವಿಯಿಟ್ಟೆ. ಅವನು ಮೇಲಿನಿಂದ ಒಂದೇ ಏಟು ಹಾಕಿದ. ದೇವರೇ, ಆ ಸದ್ದನ್ನು ನಿಮಗೆ ಹೇಗೆ ಹೇಳಲಿ? ಕುರುಡುಮಲೆಯ ಗಣಪನ ಗುಡಿಯಲ್ಲಿ ಗಂಟೆ ಹೊಡೆದು ಕೈಬಿಟ್ಟ ಮೇಲೆ ಉಳಿಯುತ್ತದಲ್ಲ, ಅಂಥ ನಾದ. ಕಲ್ಲಿನೊಳಗಿಂದ ಇಳಿದು ಬಂತು, ನನ್ನ ದವಡೆಯಲ್ಲಿ, ಹಲ್ಲಿನಲ್ಲಿ, ಎದೆಯ ಗೂಡಿನಲ್ಲಿ ಓಡಿ, ಮತ್ತೆ ಮೇಲಕ್ಕೆ ಹೋಗಿ ಮತ್ತೆ ಬಂತು. ಎಲ್ಲಿಯೂ ತಡೆಯಲಿಲ್ಲ. ಹುಲ್ಲಿಗಿಂತ ಹಳೆಯದು, ಮೀನಿಗಿಂತ ಹಳೆಯದು ನನ್ನ ಕಿವಿಯಲ್ಲಿ ಮಾತಾಡಿತು. ನಾನು ಕೆಳಗೆ ಕುಳಿತುಬಿಟ್ಟೆ. ನನಗೆ ಅಳು ಬಂದಿತ್ತು.

“ಕೇಳ್ತಾ?”

“ಕೇಳ್ತು.”

“ಎಲ್ಲಾದ್ರೂ ಸದ್ದು ಸತ್ತಿತಾ?”

“ಇಲ್ಲ.”

“ನಲವತ್ತು ವರ್ಷ ಕಲ್ಲು ಬಡಿದಿದೀನಿ ಕಣೋ ತೌಡಾ, ಇಂಥ ಕಲ್ಲು ಸಿಕ್ಕಿರಲಿಲ್ಲ. ಕೂದಲಷ್ಟು ಬಿರುಕಿಲ್ಲ.” ಕೆಳಗಿಳಿದು ಬಂದು ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. “ಈಗ ಬರ್ಕೋ. ಸೀಳು ಕಲ್ಲು. ಒಳ್ಗೆ ಪೂರಾ ಬಿರುಕು. ಚಪ್ಪಡಿ ಏಳಲ್ಲ, ಮದ್ದು ಇಟ್ರೆ ಆಳು ಸಾಯ್ತಾರೆ. ಮೇಸ್ತ್ರಿ ರಹಮತ್ತುಲ್ಲಾ ಹೇಳ್ದ ಅಂತ ಬರಿ.”

“ಕಲ್ಲಿನ ವಿಷಯದಲ್ಲಿ ನೀನು ಸುಳ್ಳು ಹೇಳಿದ್ದು ನಾನು ಕಂಡಿಲ್ಲ,” ಎಂದೆ.

“ನಾನೂ ಕಂಡಿಲ್ಲ,” ಎಂದ. “ಏನ್ ಮಾಡ್ಲಿ? ಅಮ್ಮಾ ನಿನ್ನ ತಗೊಂಡಿದ್ದು ಇದರ ಕೆಳ್ಗೆ. ಇದನ್ನ ಒಡೆದು ಹಾಕಿದ್ರೆ, ನಿನ್ನ ಎಲ್ಲಿಂದ ತಗೊಂಡ್ಳು ಅಂತ ಹೇಳ್ಲಿ?”

ಜೈನಾಬಮ್ಮ ತೀರಿಕೊಂಡು ಆಗ ಹನ್ನೆರಡು ವರ್ಷ ಆಗಿತ್ತು.

ಎಂಜಿನಿಯರು ವರದಿಯನ್ನು ನಂಬಿದರು. ಅದರ ಕೆಳಗಿದ್ದದ್ದು ನನ್ನ ಸಹಿಯಾದ್ದರಿಂದ, ಕಲ್ಲನ್ನು ಉಳಿಸಿದವನು ನಾನೆಂದು ಊರವರು ತಿಳಿದರು. ನಾಲ್ಕು ಮೈಲಿ ದೂರದ ಬೇರೆ ಬಂಡೆಯಿಂದ ಚಪ್ಪಡಿ ಬಂತು, ಸೇತುವೆಗಳಾದವು. ಕೆಲಸ ಮುಗಿದ ಮೇಲೆ ಒಂದು ದಿನ ಅವರು ಸುಮ್ಮನೆ ನೋಡೋಣವೆಂದು ಗುಟ್ಟ ಹತ್ತಿದರು. ಕೈಯಲ್ಲಿದ್ದ ಬೆತ್ತದ ಕಬ್ಬಿಣದ ತುದಿಯಿಂದ ತೋರಣವನ್ನು ಒಮ್ಮೆ ತಟ್ಟಿದರು. ಅದು ಠಣ್ಣೆಂದಿತು. ಅವರು ನನ್ನ ಕಡೆ ತಿರುಗಿ, ವಿವರಣೆಯನ್ನು ಬರೆದುಕೊಡಿ ಎಂದರು.

ಇನ್ನು ತೋರಣಕ್ಕೆ ಅಪಾಯವಿರಲಿಲ್ಲ. ಅಪಾಯವಿದ್ದದ್ದು ನನಗೆ ಮಾತ್ರ. ನಾನು ಒಂದೇ ಸಾಲು ಬರೆದೆ. ಮೂವತ್ತೊಂದು ವರ್ಷದಲ್ಲಿ ಬರೆದ ಸಾವಿರಾರು ಸಾಲು ಮರೆತಿವೆ, ಆ ಸಾಲು ಮರೆತಿಲ್ಲ: ‘ಮೇಸ್ತ್ರಿಗೆ ವಯಸ್ಸಾಗಿ ಕಿವಿ ಮಂದವಾಗಿದ್ದು, ಆತನ ಮಾತನ್ನು ನಂಬಿ ವರದಿ ಮಾಡಲಾಯಿತು.’

ಅಷ್ಟೇ. ನನಗೆ ಒಂದು ಎಚ್ಚರಿಕೆ ಬಂತು. ಅವನ ಹೆಸರನ್ನು ಇಲಾಖೆಯ ಮೇಸ್ತ್ರಿಗಳ ಪಟ್ಟಿಯಿಂದ ತೆಗೆದರು. ಕಿವಿ ಕೆಟ್ಟ ಮೇಸ್ತ್ರಿ ಹೂಂ ಎಂದರೆ ಬತ್ತಿಗೆ ಬೆಂಕಿ ಹಚ್ಚುವವರು ಯಾರು? ಆಳುಗಳು ಒಬ್ಬೊಬ್ಬರಾಗಿ ಬೇರೆ ಮೇಸ್ತ್ರಿಗಳ ಹತ್ತಿರ ಹೋದರು. ನಲವತ್ತು ವರ್ಷ ಬೆಟ್ಟಗಳ ಎದೆ ಬಡಿದು ಕೇಳಿದವನು ಈಗ ಸಂತೆಯ ಪಕ್ಕದ ಹುಣಸೆಮರದಡಿ ಒರಳು, ರುಬ್ಬುಗುಂಡು ಕುಟ್ಟುತ್ತಾನೆ. ನೀವೆಲ್ಲ ನೋಡಿದ್ದೀರಿ. ಒಂದು ದಿನ ಅವನೆದುರು ಹೋಗಿ ನಿಂತೆ. ಅವನೇ ಹೇಳಿದ: “ಪರವಾಗಿಲ್ಲ ಬಿಡು. ಒರಳೂ ಕಲ್ಲೇ ಅಲ್ವಾ?” ಆ ಮಾತನ್ನು ಕೇಳಿ ನನಗೆ ನಾಚಿಕೆಗಿಂತ ಹೆಚ್ಚಾಗಿ ಸಮಾಧಾನವಾಯಿತು. ಬಿಟ್ಟುಕೊಟ್ಟನಲ್ಲ ಎಂದು ಹಗುರವಾಗಿ ಮನೆಗೆ ಹೋದೆ. ಎಂಥ ಮನುಷ್ಯ ನಾನು!

ಈಗ ಆ ನಗುವಿನ ವಿಷಯ. ಒಂದು ಗಂಟೆಯ ಹಿಂದೆ ಈ ಚಪ್ಪಡಿಯನ್ನು ಆ ಬಾಗಿಲಿನಿಂದ ಒಳಗೆ ತರುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ಒಬ್ಬ ಮುದುಕ ಬೆರಳ ಗೆಣ್ಣಿನಿಂದ ಇದನ್ನು ತಟ್ಟಿ, “ಒಳ್ಗೆ ಒಡೆದೈತೆ ಸ್ವಾಮಿ, ಬೇರೆ ತರ್ಸಿ” ಎಂದ. ಆಗ ಯಾರೋ, ಯಾರೆಂದು ನಾನು ಹೇಳುವುದಿಲ್ಲ, “ಸಾಬರೇ, ನಿಮ್ಮ ಕಿವಿ ವಿಷ್ಯ ಊರಿಗೇ ಗೊತ್ತಲ್ಲ” ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಮುದುಕನೂ ನಕ್ಕ. ವೇದಿಕೆಯ ಮೇಲೆ ಕುಳಿತಿದ್ದ ನನಗೆ ಅವನ ನಗುವೇ ಎಲ್ಲಕ್ಕಿಂತ ಜೋರಾಗಿ ಕೇಳಿಸಿತು. ನಕ್ಕವರನ್ನು ನಾನು ದೂರುವುದಿಲ್ಲ. ಆ ಮಾತನ್ನು ಊರಿಗೆ ಕಲಿಸಿಕೊಟ್ಟವನು ನಾನು.

ನಾವು ಸೇರಿರುವ ಈ ಶಾಲೆಯ ಗಂಟೆ ಹೊಡೆಯುವ ಸುತ್ತಿಗೆ ಇಲ್ಲೇ ಮೇಜಿನ ಮೇಲಿದೆ. ಅಧ್ಯಕ್ಷರೇ, ಕ್ಷಮಿಸಿ, ಹಾರವನ್ನೂ ಬಟ್ಟೆಯನ್ನೂ ನಾನೇ ತೆಗೆಯುತ್ತಿದ್ದೇನೆ. ಎಲ್ಲರೂ ಒಂದು ನಿಮಿಷ ಸುಮ್ಮನಿರಿ.

ಇದು ಬಲತುದಿ. ಕೇಳಿದಿರಾ? ಚೆನ್ನಾಗಿದೆ.

ಇದು ಎಡತುದಿ. ಇದೂ ಚೆನ್ನಾಗಿದೆ.

ಇದು ನಡುವೆ, ನನ್ನ ಹೆಸರು ಕೆತ್ತಿರುವ ಜಾಗ.

ಕೇಳಿದಿರಾ? ಇನ್ನೊಮ್ಮೆ ಬಡಿಯುತ್ತೇನೆ. ಕೇಳಿದಿರಾ ಸಭಿಕರೇ? ಒಡಕು ಮಡಕೆಯ ಸದ್ದು. ಕಣ್ಣಿಗೆ ಏನೂ ಕಾಣುವುದಿಲ್ಲ, ಅಕ್ಷರಗಳು ಮುತ್ತಿನ ಹಾಗಿವೆ. ಆದರೆ ಒಳಗೆ ಒಡೆದಿದೆ. ಬಾಗಿಲ ಬಳಿ ನಿಂತು, ಗದ್ದಲದ ನಡುವೆ, ಒಂದು ಬೆರಳಿನಿಂದ ಅವನು ಇದನ್ನು ತಿಳಿದುಕೊಂಡ.

ಅಮಲ್ದಾರ್ ಸಾಹೇಬರು ಪೆನ್ಸಿಲು ತೆಗೆದಿರುವುದು ನನಗೆ ಕಾಣುತ್ತಿದೆ. ಮುಂದಿನ ತಿಂಗಳು ನನ್ನ ನಿವೃತ್ತಿ. ಸುಳ್ಳು ವರದಿ ಕೊಟ್ಟವನಿಗೆ ಪಿಂಚಣಿ ಬರುತ್ತದೋ ಇಲ್ಲವೋ, ನಿಯಮ ಬಲ್ಲವರು ನೋಡಲಿ. ಬರೆದುಕೊಳ್ಳಿ ಸಾಹೇಬರೇ, ನಾನೇ ನಿಧಾನವಾಗಿ ಹೇಳುತ್ತೇನೆ. ಇದು ನನ್ನ ಸರ್ವೀಸಿನ ಕೊನೆಯ ವರದಿ.

‘ತೋರಣಗುಟ್ಟದ ಶಿಲೆಯಲ್ಲಿ ಬಿರುಕಿಲ್ಲ. ಅದನ್ನು ಒಡೆಯಲು ತೋರಿಸಿಕೊಟ್ಟವನು ಈ ಕೆಳಗೆ ಸಹಿ ಮಾಡಿದವನು. ಉಳಿಸಿದವನು ಮೇಸ್ತ್ರಿ ರಹಮತ್ತುಲ್ಲಾ. ಸದರಿ ಮೇಸ್ತ್ರಿಯ ಕಿವಿ ಅಂದೂ ಚೆನ್ನಾಗಿತ್ತು, ಇಂದೂ ಚೆನ್ನಾಗಿದೆ. ಸಹಿ, ಕೋದಂಡರಾಮಪ್ಪ, ಓವರ್ಸಿಯರ್, ಉರುಫ್ ತೌಡಪ್ಪ.’

ಸಮಿತಿಯವರು ಹೊಸ ಕಲ್ಲು ತರಿಸುವುದಾದರೆ ಅವನು ತಟ್ಟಿ ಹೂಂ ಎಂದ ಮೇಲೆ ತರಿಸಲಿ. ಅದರ ಮೇಲೆ ನನ್ನ ಹೆಸರು ಬೇಡ. ನೀವು ನನಗೆ ಹೊದಿಸಿದ ಈ ಶಾಲನ್ನು ಅವನಿಗೆ ಹೊದಿಸಿ ಕೈತೊಳೆದುಕೊಳ್ಳಲೂ ನಾನು ಹೋಗುವುದಿಲ್ಲ. ನನಗೆ ಬಟ್ಟೆ ಕೊಡುವುದು ಆ ಮನೆಯ ಹಕ್ಕು, ನನ್ನದಲ್ಲ. ಶಾಲನ್ನು ಇಲ್ಲೇ ಮೇಜಿನ ಮೇಲೆ ಇಡುತ್ತಿದ್ದೇನೆ.

ಬಾಗಿಲ ಬಳಿ ಇರುವವರೇ, ಸ್ವಲ್ಪ ಸರಿಯಿರಿ, ಅವನ ಮುಖ ನನಗೆ ಕಾಣಲಿ. ಭಾಯಿ, ನಿನ್ನನ್ನು ಹೀಗೆ ಕರೆದು ಮೂವತ್ತು ವರ್ಷವಾಯಿತು. ಕೇಳಿಸಿತಾ ಎಂದು ನಿನ್ನನ್ನು ಕೇಳಬೇಕಾಗಿಲ್ಲ. ಅದು ಈಗ ಎಲ್ಲರಿಗೂ ಗೊತ್ತು. ನನ್ನನ್ನು ಯಾರಾದರೂ ‘ಎವರಿ ಬಿಡ್ಡ’ ಎಂದು ಕೇಳಿದರೆ ಇನ್ನು ಮೇಲೆ ತಡವರಿಸದೆ ಉತ್ತರ ಹೇಳುತ್ತೇನೆ.

ಇಷ್ಟು ಹೊತ್ತು ಎದ್ದು ಹೋಗದೆ ಕುಳಿತು ಕೇಳಿದ ನಿಮಗೂ, ನಮ್ಮೆಲ್ಲರಿಗಿಂತ ಮೊದಲೇ ಬಂದು ಅಲ್ಲಿ ನಿಂತಿರುವ ಆ ಕಲ್ಲಿಗೂ, ತೌಡಪ್ಪನ ನಮಸ್ಕಾರ.